ಕಚೇರಿ ಬಾಗಿಲ ಮೇಲಿನ ದೊರೆಗಳ ಸಿಂಹ

ಅರವತ್ತರ ದಶಕದ ಕೊನೆಯಲ್ಲಿ, ನಾನು ಏಳು ತಿಂಗಳ ಬಸುರಿಯಾಗಿದ್ದಾಗ, ಬಳ್ಳಾರಿಯ ಹಳೆಯ ಕಚೇರಿಯೊಂದರ ಬಾಗಿಲ ಮೇಲಿದ್ದ ಬ್ರಿಟಿಷರ ಲಾಂಛನ ಒಡೆಯುವ ಕೆಲಸ ನನ್ನ ಗಂಡನಿಗೆ ಬಂತು. ಅವರು ಗಾರೆ ಮೇಸ್ತ್ರಿ. ಹೆಂಡತಿ ಬಸುರಿಯಾಗಿದ್ದರೆ ಗಂಡ ತೆಂಗಿನಕಾಯಿಯನ್ನೂ ಒಡೆಯಬಾರದು, ಒಡೆದರೆ ಕೂಸಿಗೆ ಊನವಾಗುತ್ತದೆ ಅನ್ನುವ ಮನೆ ನಮ್ಮದು. ಇವರು ಸಿಂಹ ಒಡೆಯಲು ಹೊರಟಿದ್ದರು!

ಅದೂ ಎಂಥ ಸಿಂಹ! ನಡುವೆ ಕಿರೀಟ, ಒಂದು ಕಡೆ ಸಿಂಹ, ಇನ್ನೊಂದು ಕಡೆ ಸರಪಳಿ ಬಿಗಿದ ಒಂಟಿ ಕೊಂಬಿನ ಕುದುರೆ. ಕುರುಗೋಡು, ಸಿರುಗುಪ್ಪದಿಂದ ಕಚೇರಿಗೆ ಬರುವ ಹೆಂಗಸರು ಅದನ್ನು ಅಮ್ಮನ ಸಿಂಹವೆಂದೇ ನಂಬಿ ಬಾಗಿಲ ಕಂಬಕ್ಕೆ ಕುಂಕುಮ ಹಚ್ಚುತ್ತಿದ್ದರು. ನಾನೂ ಹಚ್ಚಿದವಳೇ.

ಹೋಗಿ ಕೇಳಿದರೆ ಕಚೇರಿಯ ಗುಮಾಸ್ತರು ನಕ್ಕರು. “ಅಮ್ಮಂದಲ್ಲವ್ವಾ, ದೊರೆಗಳದು. ಸಿಂಹ ಇಂಗ್ಲೆಂಡಿಂದು, ಕುದುರಿ ಸ್ಕಾಟ್ಲೆಂಡಿಂದು. ಎರಡೂ ಒಂದ ಕಿರೀಟಕ್ಕ ಕಾವಲು. ಬಳ್ಳಾರಿ ಮದ್ರಾಸಿನ ಕೈಯಾಗ ಇದ್ದಾಗ ಕೂಡಿಸಿದ್ದು. ಈಗ ಅಲ್ಲಿ ನಮ್ಮ ರಾಜ್ಯದ ಗಂಡಭೇರುಂಡ ಬರಬೇಕು.”

ಚರಿತ್ರೆ ತಿಳಿಯಿತು, ಭಯ ಹೋಗಲಿಲ್ಲ. ಇಷ್ಟು ವರ್ಷ ಕುಂಕುಮ ಉಂಡ ಸಿಂಹ ಯಾವ ದೇಶದ್ದಾದರೇನು? ಸೀಳುತುಟಿಯ ಕೂಸು ಹುಟ್ಟಿದರೆ? ಮೊದಲ ಪೆಟ್ಟು ಹಾಕಲು ಕೂಲಿಗಳಲ್ಲಿ ಒಬ್ಬನೂ ಒಪ್ಪಲಿಲ್ಲ. ಒಲ್ಲೆನೆಂದರೆ ಗುತ್ತಿಗೆದಾರ ಮತ್ತೆ ಕರೆಯುವುದಿಲ್ಲವೆಂದು ಗಂಡ ಬೆಳಿಗ್ಗೆ ಸುತ್ತಿಗೆ ಹಿಡಿದು ಹೊರಟೇಬಿಟ್ಟರು. ಅಳುತ್ತ ಹಿಂದೆ ನಾನು. ನನ್ನ ಹಿಂದೆ ಅತ್ತೆ.

ಅತ್ತೆ ಹಲ್ಲಿ ಲೊಚಗುಟ್ಟಿದರೆ ಹೊಸ್ತಿಲು ದಾಟದ ಪುಕ್ಕಲು ಜೀವ. ಆದರೆ ಮಗ ಏಣಿಗೆ ಕಾಲಿಟ್ಟದ್ದೇ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡರು.

“ಸರೀಲೇ ಅತ್ತಾಗ! ಮುಕ್ಕಾದ ಮೂರ್ತಿಯೊಳಗ ದೇವ್ರು ನಿಲ್ಲಂಗಿಲ್ಲ. ನಾ ಮುಕ್ಕ ಮಾಡ್ತೀನಿ. ಆಮ್ಯಾಲ ಯಾರರ ಒಡೀರಿ.”

“ಯವ್ವಾ, ಬಿದ್ದುಗಿದ್ದೀ!” ಎಂದು ಗಂಡ ಏಣಿ ಹಿಡಿದರು.

ಅತ್ತೆ ಹತ್ತಿ ಸಿಂಹದ ಮೂಗಿಗೆ ಒಂದೇ ಏಟು ಹಾಕಿದರು. “ಸಿಟ್ಟೆಲ್ಲ ನನ್ನ ಮ್ಯಾಲ ತೀರಿಸ್ಕೋ. ನಮ್ಮ ಸೊಸಿ, ಕೂಸಿನ ತಂಟಿಗೆ ಬರಬ್ಯಾಡ!” ಗಾರೆ ಉದುರಿತು. ಉಳಿದದ್ದನ್ನು ಕೂಲಿಗಳು ಕೆಡವಿದರು. ಗಂಡ ಕೈ ಹಚ್ಚಲಿಲ್ಲ.

ಕೂಸು ಹುಟ್ಟಿತು. ತುಟಿ, ಹಣೆ, ಬೆರಳು ಎಲ್ಲ ನೆಟ್ಟಗೆ. ಮನೆಯವರೆಲ್ಲ ನಕ್ಕರು, ನನಗೆ ನಗು ಬರಲಿಲ್ಲ. ಕೂಸಿಗೆ ಸಿಟ್ಟು ತಟ್ಟಲಿಲ್ಲ ಅಂದರೆ ಅತ್ತೆಯ ಮಾತು ಸಿಂಹಕ್ಕೆ ಒಪ್ಪಿಗೆಯಾಯಿತು ಅಂತಲೇ ಅಲ್ಲವೇ? ಬಾಣಂತನದ ಅಷ್ಟೂ ದಿನ, ಕೂಸನ್ನು ತೊಟ್ಟಿಲಿಗೆ ಹಾಕಿ, ಮಧ್ಯಾಹ್ನ ಮಲಗಿದ ಅತ್ತೆಯ ಮೂಗಿನ ಮುಂದೆ ಬೆರಳು ಹಿಡಿದು ಉಸಿರಿದೆಯೇ ಎಂದು ನೋಡುತ್ತಿದ್ದೆ.