ಅಧಿಕಾರಿಯಿಲ್ಲದ ಗೇಟು

ನನ್ನ ತಮ್ಮ ಕೂಗಿದಾಗ ನಾನು ತಿರುಗಿ ನೋಡಲಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಕೌಂಟರುಗಳ ಹತ್ತಿರ, ಅವನು ಚಿಗಟೇರಿಯ ಹೊಲದಲ್ಲಿ ಕರೆಯುವ ಹಾಗೆ "ಯಕ್ಕಾ, ಏ ಯಕ್ಕಾ" ಎಂದು ಕೂಗಿದ. ಅಷ್ಟು ದೊಡ್ಡ, ತಣ್ಣನೆಯ, ಗಾಜಿನ ಕಟ್ಟಡದಲ್ಲಿ ಆ ಕೂಗಿಗೆ ಎಲ್ಲರೂ ತಿರುಗಿದರು. ನಾನೊಬ್ಬಳು ತಿರುಗಲಿಲ್ಲ. ನನ್ನ ಮುದ್ರೆ ಆಗಲೇ ಬಿದ್ದಿತ್ತು. ಸಿಬ್ಬಂದಿಯೊಬ್ಬರು ನನ್ನ ಹಿಂದೆಯೇ ಬಂದು, "ಮೇಡಂ, ಆ ಹುಡುಗ ನಿಮ್ಮ ಕಡೆಯವನಾ?" ಎಂದು ಕೇಳಿದರು.

"ಅಲ್ಲ ಸರ್. ಗೊತ್ತಿಲ್ಲ" ಎಂದೆ.

ಹೇಳಿ ಮುಂದೆ ನಡೆದೆ. ವಿಮಾನದಲ್ಲಿ ನನ್ನ ಪಕ್ಕದ ಸೀಟು ಮಸ್ಕತ್ತಿನವರೆಗೂ ಖಾಲಿಯೇ ಇತ್ತು.

ಯಾಕೆ ಹಾಗೆಂದೆ ಎಂದು ಊರಿನವರು ಯಾರೂ ನನ್ನನ್ನು ಕೇಳಿಲ್ಲ. ಅವರಿಗೆ ಇದು ಗೊತ್ತೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ತರಗತಿ. ಹರಪನಹಳ್ಳಿಯಲ್ಲಿ ಹೊಲಿಗೆ ಕಲಿತೆ. ಗಂಡ ತೀರಿಕೊಂಡ ಮೇಲೆ ಒಬ್ಬ ಏಜೆಂಟನ ಮೂಲಕ ಒಮಾನ್ ದೇಶದ ಮಸ್ಕತ್ತಿಗೆ ಬಂದೆ. ಬಂದಿದ್ದು ಬಂದು ನೋಡಿ ಹೋಗುವವರ ವಿಸಿಟ್ ವೀಸಾದ ಮೇಲೆ. ಕೇಳಿದರೆ "ನೆಂಟರ ಮನೆಗೆ" ಎನ್ನಬೇಕೆಂದು ಏಜೆಂಟ ಕಲಿಸಿದ್ದ, ಗಿಣಿಯಂತೆ ಅಷ್ಟನ್ನೇ ಹೇಳಿ ದಾಟಿದ್ದೆ. ಆಮೇಲೆ ನಾನು ಸೇರಿದ ಹೊಲಿಗೆ ಅಂಗಡಿಯ ಮಾಲೀಕರು ಕೆಲಸದ ಕಾಗದ ಸರಿಮಾಡಿಸಿಕೊಟ್ಟರು. ಆದರೂ ಹಳೆಯದನ್ನು ಯಾರಾದರೂ ಕೆದಕಿ ನನ್ನನ್ನು ವಾಪಸು ಕಳಿಸುತ್ತಾರೆಂಬ ಹೆದರಿಕೆ ನನ್ನನ್ನು ಬಿಟ್ಟಿರಲಿಲ್ಲ. ಒಮ್ಮೆ ರಜೆಗೆ ಊರಿಗೆ ಬಂದಾಗ ನನ್ನ ತಮ್ಮ ಕೊಟ್ರೇಶನನ್ನೂ ಅದೇ ಏಜೆಂಟನ ಕೈಗೆ ಕೊಟ್ಟು, ವಾಪಸು ಹೋಗುವಾಗ ಜೊತೆಗೆ ಹೊರಡಿಸಿದವಳು ನಾನೇ. ಅವನಿಗೂ ಅದೇ ಪಾಠ. ಆದರೆ ಅವನಿಗೆ ಸುಳ್ಳು ಬರುವುದಿಲ್ಲ. ಎಲ್ಲಿಗೆ ಎಂದು ಅಧಿಕಾರಿ ಕೇಳಿದ್ದಕ್ಕೆ, "ಕೆಲಸಕ್ಕ ಹೊಂಟೀನ್ರಿ ಸರ್. ಅಲ್ನೋಡ್ರಿ, ನಮ್ಮಕ್ಕ ಅದಾಳ" ಎಂದು ಬೆರಳು ತೋರಿಸಿಬಿಟ್ಟ. ಕೆಲಸಕ್ಕೆ ಹೋಗುವ ಕಾಗದ ಅವನ ಹತ್ತಿರ ಇರಲಿಲ್ಲ, ತಡೆದರು. ತಡೆದದ್ದರಲ್ಲಿ ಅವರ ತಪ್ಪೇನಿಲ್ಲ. ಆ ಬೆರಳು ನನ್ನ ಬೆನ್ನಿಗೆ ತಾಗಿದಂತಾಗಿ ನಾನು ಓಡುವ ಹಾಗೆ ನಡೆದೆ.

ಮಸ್ಕತ್ತಿನಲ್ಲಿ ನಾಲ್ವರು ಹೆಂಗಸರು ಒಂದು ಕೋಣೆಯಲ್ಲಿ ಇರುತ್ತೇವೆ. ಒಬ್ಬೊಬ್ಬರಿಗೆ ಒಂದು ಮಂಚ, ಮಂಚಕ್ಕೆ ಒಂದು ಪರದೆ. ಪರದೆ ಎಳೆದುಕೊಂಡರೆ ಅದೇ ಮನೆ. ಚಿಗಟೇರಿಯಲ್ಲಿ ಅತ್ತರೆ ಪಕ್ಕದ ಮನೆಯವರು ಬಾಗಿಲಿಗೆ ಬಂದು "ಯಾಕವ್ವಾ?" ಎನ್ನುತ್ತಾರೆ. ಇಲ್ಲಿ ಪರದೆಯೊಳಗೆ ಅತ್ತರೆ ಆಚೆಯವರು ಫೋನಿನ ಸದ್ದು ಸ್ವಲ್ಪ ಜೋರು ಮಾಡುತ್ತಾರೆ, ಅದು ಅವರ ಮರ್ಯಾದೆ. ಬಿಸಿಲಂತೂ ನಮಗೆ ಹೊಸದಲ್ಲ. ಆದರೆ ನಮ್ಮದು ಒಣ ಬಿಸಿಲು, ಬೇವಿನ ಕೆಳಗೆ ನಿಂತರೆ ಆರುತ್ತದೆ. ಇಲ್ಲಿಯದು ಸಮುದ್ರದ ಬಿಸಿಲು, ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟುತ್ತದೆ. ಖುಬೂಸ್ ಎಂಬ ದುಂಡನೆಯ ರೊಟ್ಟಿ ಇಲ್ಲಿ ಎಲ್ಲೆಡೆ ಸಿಗುತ್ತದೆ. ಮೊದಮೊದಲು ಬಾಯಲ್ಲಿ ರಬ್ಬರಿನಂತೆ ತಿರುಗುತ್ತಿತ್ತು. ಊರಿನ ಶೇಂಗಾ ಚಟ್ನಿಪುಡಿ ಹಚ್ಚಿದ ದಿನದಿಂದ ಒಳಗೆ ಇಳಿಯಿತು. ಮಾಲೀಕರ ಮಲೆಯಾಳ, ಗಿರಾಕಿಗಳ ಅರಬ್ಬಿ, ಕೋಣೆಯ ಹಿಂದಿ ಎಲ್ಲವೂ ಅಷ್ಟಷ್ಟು ಬಂದವು. ಒಬ್ಬ ಒಮಾನಿ ಮುದುಕಿ ನಾನು ಹೊಲಿದ ಅಂಚನ್ನು ಉಜ್ಜಿ ನೋಡಿ ನನ್ನ ಹಣೆಗೆ ಮುತ್ತು ಕೊಟ್ಟ ದಿನ ನಾನೂ ಮನುಷ್ಯಳೇ ಎನಿಸಿತ್ತು. ಅದನ್ನು ತಮ್ಮನಿಗೆ ಹೇಳಬೇಕೆಂದು ಫೋನ್ ಎತ್ತಿಕೊಂಡು, ಹಾಗೇ ಇಟ್ಟುಬಿಟ್ಟೆ.

ಯಾಕೆಂದರೆ ಅವನು ನನ್ನ ಮಾನ ಉಳಿಸಿದ್ದ. ಅವನು ವಾಪಸಾದ ಮೇಲೆ ಅವ್ವ ಫೋನ್ ಮಾಡಿದಳು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದೆ.

"ಆಫೀಸರನ ಕಾಲಿಗೆ ಬಿದ್ದಿಯಂತಲ್ಲವ್ವ" ಎಂದಳು ಅವ್ವ. "ಕೊಟ್ರೇಶಿ ಎಲ್ಲಾ ಹೇಳಿದ. ಅಕ್ಕ ಅಳಕೋತ ನಿಂತಿದ್ಲು, ನಾನೇ ಬೈದು ವಿಮಾನ ಹತ್ಸಿದೆ ಅಂದ. ನೀನಾದ್ರೂ ಏನ್ಮಾಡ್ತಿ ಪಾಪ."

"ಹೂಂ ಅವ್ವ" ಎಂದೆ. ಅಧಿಕಾರಿಯ ಮುಂದೆ ಸುಳ್ಳು ಹೇಳಲಾರದವನು ಅವ್ವನ ಮುಂದೆ ನನಗಾಗಿ ಸುಳ್ಳು ಹೇಳಿದ್ದ. ಅದಕ್ಕೂ ನಾನು ಹೂಂಗುಟ್ಟಿಬಿಟ್ಟೆ.

ಅಂದಿನಿಂದ ಪಾಸ್‌ಪೋರ್ಟಿನ ಕೌಂಟರ್ ಎಂದರೆ ನನಗೆ ಜ್ವರ ಬರುತ್ತದೆ. ವಿಚಿತ್ರವೇನೆಂದರೆ, ಪರದೇಶದ ಬಾಗಿಲಲ್ಲಿ ನನ್ನನ್ನು ಕೇಳುವವರಿಲ್ಲ. ಇಲ್ಲಿ ಇರಲು ಕೊಡುವ ಗುರುತಿನ ಕಾರ್ಡಿಗೆ ಬತಾಕಾ ಎನ್ನುತ್ತಾರೆ. ಮಸ್ಕತ್ತಿನ ನಿಲ್ದಾಣದಲ್ಲಿ ಅದನ್ನು ಯಂತ್ರಕ್ಕೆ ಕೊಟ್ಟರೆ ಗಾಜಿನ ಗೇಟು ತಾನೇ ತೆರೆಯುತ್ತದೆ. ನನ್ನದೇ ದೇಶದ ಬಾಗಿಲಲ್ಲಿ ಮಾತ್ರ ಒಬ್ಬ ಮನುಷ್ಯ ಕೂತು ಮುಖ ನೋಡುತ್ತಾನೆ. ಪ್ರತಿ ಸಲ ಅವನು, "ಅವತ್ತು ನೀನೇ ಅಲ್ಲವಾ?" ಎಂದು ಕೇಳುತ್ತಾನೆ ಎನಿಸುತ್ತದೆ. ಈ ಹೆದರಿಕೆಗೇ ರಜೆ ಸಿಕ್ಕರೂ ಒಂದು ವರ್ಷ ಊರಿಗೆ ಹೋಗಲಿಲ್ಲ.

ನನ್ನ ಪಕ್ಕದ ಮಂಚದ ಲವೀನಾ ಮಂಗಳೂರಿನವಳು, ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಭಾರತದಲ್ಲೂ ಈಗ ಅಂಥ ಗೇಟು ಬಂದಿದೆ ಎಂದು ಹೇಳಿದವಳು ಅವಳೇ. ಟ್ರಸ್ಟೆಡ್ ಟ್ರಾವೆಲರ್ ಎನ್ನುತ್ತಾರೆ, ನಂಬಬಹುದಾದ ಪ್ರಯಾಣಿಕರು ಎಂದರ್ಥ. ಮೊದಲೇ ಅರ್ಜಿ ಹಾಕಬೇಕು. ಸರ್ಕಾರ ನಮ್ಮ ಹಿಂದುಮುಂದು ವಿಚಾರಿಸಿ ಒಪ್ಪಿದರೆ, ಒಂದು ಸಲ ಹೋಗಿ ಬೆರಳಚ್ಚು, ಮುಖದ ಚಿತ್ರ ಕೊಟ್ಟು ಬರಬೇಕು. ಅಲ್ಲಿಂದ ಮುಂದೆ ಉದ್ದನೆಯ ಸಾಲಿಲ್ಲ.

"ಎಂತ ಸುಖ ಗೊತ್ತುಂಟಾ ಶಾಂತಕ್ಕ? ಪಾಸ್‌ಪೋರ್ಟ್ ಇಟ್ರೆ ಗೇಟೇ ಬಾಯಿ ತೆರೀತದೆ."

"ಆಫೀಸರ್ ಇರಂಗಿಲ್ಲೇನು?"

"ಇಲ್ಲ ಮಾರಾಯ್ತಿ. ಬರೀ ಮಿಷನ್."

"ಮಿಷನ್ ಏನೂ ಕೇಳಂಗಿಲ್ಲ?"

"ಅದಕ್ಕೆ ನಿಮ್ಮೂರಿನ ಕನ್ನಡ ಅರ್ಥ ಆಗುವುದಿಲ್ಲ, ಹೆದರಬೇಡಿ" ಎಂದು ನಕ್ಕಳು. "ಬಳ್ಳಾರಿ ಕಡೆಯವರು ಭಾರೀ ಗಟ್ಟಿ ಅಂತಾರೆ. ನೀವು ನೋಡಿದ್ರೆ ಮುದ್ರೆ ಒತ್ತುವವನಿಗೆ ಬೆವರ್ತೀರಿ!"

ಲವೀನಾಗೆ ಬೇಕಿದ್ದದ್ದು ಉಳಿಯುವ ಸಮಯ. ನನಗೆ ಬೇಕಿದ್ದದ್ದು ಪ್ರಶ್ನೆಯೇ ಇಲ್ಲದ ಬಾಗಿಲು. ಅವಳೇ ಫೋನಿನಲ್ಲಿ ಅರ್ಜಿ ತುಂಬಿದಳು. ಕಳಿಸಿದ ಮರುಗಳಿಗೆಯೇ ಯೋಚನೆ ಹತ್ತಿತು. ವಿಚಾರಿಸುತ್ತಾರೆ ಎಂದರೆ ಯಾರನ್ನು? ಚಿಗಟೇರಿಗೆ ಪೊಲೀಸರು ಬಂದು ಕೊಟ್ರೇಶನನ್ನೇ ಕೇಳಿದರೆ? ಅವನು ನಿಜ ಹೇಳಿದರೆ ಅವ್ವನಿಗೆ ಗೊತ್ತಾಗುತ್ತದೆ, ಮತ್ತೆ ಸುಳ್ಳು ಹೇಳಿದರೆ ಅವನು ಸಿಕ್ಕಿಬೀಳುತ್ತಾನೆ. ಅವ್ವನ ಫೋನ್ ಬಂದಾಗಲೆಲ್ಲ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಯಾರೂ ಬರಲಿಲ್ಲ. ಅರ್ಜಿ ಒಪ್ಪಿಗೆಯಾಗಿದೆ, ಬೆಂಗಳೂರು ನಿಲ್ದಾಣದಲ್ಲಿ ಬೆರಳಚ್ಚು ಕೊಡಿ ಎಂದು ಸಂದೇಶ ಬಂತು. ನನ್ನನ್ನು ನಂಬಬಹುದೆಂದು ಸರ್ಕಾರ ಹೇಳಿತ್ತು. ನನಗೆ ಅದನ್ನು ಓದಿ ಇನ್ನಷ್ಟು ದಿಗಿಲಾಯಿತು.

ಅದೇ ಹೊತ್ತಿಗೆ ಕೊಟ್ರೇಶನಿಗೆ ಮಸ್ಕತ್ತಿನ ಒಂದು ಬೇಕರಿಯಲ್ಲಿ ಕೆಲಸ ಸಿಕ್ಕಿತು. ಹರಪನಹಳ್ಳಿಯ ಬೇಕರಿಯಲ್ಲಿ ದುಡಿದ ಕೈ ಅವನದು. ಈ ಸಲ ಕಳ್ಳದಾರಿಯಲ್ಲ. ಕೆಲಸದ ವೀಸಾ, ಸರ್ಕಾರದ ಅನುಮತಿ ಎಲ್ಲವನ್ನೂ ತಾನೇ ಓಡಾಡಿ ಮಾಡಿಸಿಕೊಂಡಿದ್ದ. "ಯಕ್ಕಾ, ಹೆಂಗೂ ರಜಕ್ಕ ಬರ್ತೀಯಲ್ಲ, ಇಬ್ರೂ ಕೂಡೇ ಹೋಗೋಣ" ಎಂದ. ಅವನು ಅಷ್ಟು ಸಲೀಸಾಗಿ ಅಂದದ್ದೇ ನನಗೆ ತಡೆಯಲಾಗಲಿಲ್ಲ.

ಬೆರಳಚ್ಚು ಹೊರಡುವ ದಿನ ಕೊಟ್ಟರಾಯಿತೆಂದು, ಇಳಿದ ದಿನ ಹೆದರುತ್ತಲೇ ಕೌಂಟರ್ ದಾಟಿ ಊರಿಗೆ ಹೋದೆ. ಮಸ್ಕತ್ತಿನಲ್ಲಿ ಜೋಳದ ರೊಟ್ಟಿಗೆ ಹಂಬಲಿಸುವವಳು ಊರಲ್ಲಿ ಎರಡನೇ ದಿನಕ್ಕೇ ಏಸಿಯ ತಂಪು ಹುಡುಕತೊಡಗಿದೆ. ಬಂದವರಿಗೆಲ್ಲ ಅವ್ವ ನಾನು ಅಧಿಕಾರಿಯ ಕಾಲಿಗೆ ಬಿದ್ದ ಕತೆ ಹೇಳುತ್ತಿದ್ದಳು. ಕೊಟ್ರೇಶ ತಟ್ಟೆಯಿಂದ ತಲೆ ಎತ್ತದೆ, "ಸಾಕು ಬಿಡವ್ವ, ಎಷ್ಟು ಸಲ ಹೇಳ್ತಿ" ಎನ್ನುತ್ತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ.

ಹೊರಡುವ ದಿನ ನಿಲ್ದಾಣದಲ್ಲಿ ಬೆರಳಚ್ಚಿನ ಕೌಂಟರ್ ಯಾವ ಕಡೆ ಎಂದು ಒಬ್ಬರನ್ನು ಕೇಳಿದೆ. ಬೇಗ ಮುಗಿಯುತ್ತದೆ, ಹೋಗಿ ಎಂದರು. ಎದುರಿಗೆ ಮುದ್ರೆಯ ಉದ್ದನೆಯ ಸಾಲು. ಬೆರಳಚ್ಚು ಕೊಟ್ಟರೆ ನನಗೆ ಆ ಸಾಲು ಇನ್ನೆಂದೂ ಇಲ್ಲ. ಆದರೆ ಆ ಗೇಟು ಹಿಡಿಸುವುದು ಒಬ್ಬರನ್ನೇ.

"ಹೋಗಿ ಮುಗಿಸ್ಕೊಂಡು ಬಾ" ಎಂದ ಕೊಟ್ರೇಶ. "ನಾ ಲೈನಿನಾಗ ನಿಂದರ್ತೀನಿ. ಈ ಸಲ ನಂದೆಲ್ಲಾ ಬರೋಬರಿ ಐತಿ. ನೀ ಇಲ್ಲದಿದ್ರೂ ನಡೀತೈತಿ."

ಕುಟುಕಲು ಹೇಳಿದ್ದಲ್ಲ. ನನ್ನ ದಾರಿ ಸುಲಭವಾಗಲಿ ಎಂದೇ ಹೇಳಿದ. ಆದರೆ ಪಾಸ್‌ಪೋರ್ಟ್ ಹಿಡಿದ ಅವನ ಕೈ ಬೆವೆತು ಅದರ ಹೊದಿಕೆ ಮುದುರಿತ್ತು. ನನ್ನಷ್ಟೇ ಅವನಿಗೂ ಹೆದರಿಕೆ.

"ಬ್ಯಾಡ ಬಿಡು" ಎಂದೆ. "ನಾನೂ ಲೈನಿಗೇ ಬರ್ತೀನಿ."

"ಹುಚ್ಚಿ ಅದೀಯೇನ್? ಒಪ್ಪಿಗಿ ಬಂದೈತಿ ಅಂದಿ."

"ಬಂದ್ರ ಬರ್ಲಿ."

ಸಾಲು ಸರಿಯಿತು. ಅವನ ಸರದಿ ಬಂತು. ಅಧಿಕಾರಿ ಕಾಗದ ತಿರುವಿ, ಕಂಪ್ಯೂಟರಿನ ಪರದೆಯ ಮೇಲೆ ಏನೋ ಓದಿ, ಮತ್ತೆ ಮುಖ ನೋಡಿದರು. "ಮೊದಲು ಒಂದು ಸಲ ವಾಪಸ್ ಕಳಿಸಿದ್ದಾರಲ್ಲ? ಈಗ ಜೊತೆಗೆ ಯಾರಿದ್ದಾರೆ?"

ಈ ಸಲ ಕೊಟ್ರೇಶ ಬೆರಳು ತೋರಿಸಲಿಲ್ಲ. ನಾನು ಹಳದಿ ಗೆರೆ ದಾಟಿ ಹೋಗಿ, "ನಾನ್ರಿ ಸರ್, ಅವನ ಅಕ್ಕ. ನನ್ನ ತಮ್ಮ ಇವನು" ಎಂದೆ. ಧ್ವನಿ ಜೋರಾಗಿಯೇ ಬಂದಿರಬೇಕು, ಪಕ್ಕದ ಸಾಲಿನವರು ನೋಡಿದರು.

"ಗೆರೆ ಹಿಂದೆ ನಿಲ್ಲಮ್ಮ, ಒಬ್ಬೊಬ್ಬರೇ ಬನ್ನಿ" ಎಂದು ಅಧಿಕಾರಿ ಗದರಿದರು. ಇನ್ನೊಂದೆರಡು ಕಾಗದ ಕೇಳಿ ನೋಡಿ ಮುದ್ರೆ ಒತ್ತಿದರು. ಆಮೇಲೆ ನನಗೂ.

ಒಳಗಿನ ಕುರ್ಚಿಗಳಲ್ಲಿ ಕೂತೆವು. ಮುದ್ರೆ ಬಿದ್ದ ಮೇಲೆ ಲೆಕ್ಕಕ್ಕೆ ನಾವು ದೇಶ ಬಿಟ್ಟವರು. ಕಾಲು ಮಾತ್ರ ಇನ್ನೂ ನಮ್ಮ ನೆಲದ ಮೇಲೇ ಇತ್ತು. ಎಷ್ಟೋ ವರ್ಷದಿಂದ ನಾನು ಬದುಕುತ್ತಿರುವುದು ಇಂಥ ಜಾಗದಲ್ಲೇ ಎನಿಸಿತು, ಚಿಗಟೇರಿಯೂ ಅಲ್ಲದ, ಮಸ್ಕತ್ತೂ ಆಗದ ಕಡೆ. ಅಂದು ಮಾತ್ರ ಪಕ್ಕದ ಕುರ್ಚಿಯಲ್ಲಿ ತಮ್ಮನಿದ್ದ. ಕೊಟ್ರೇಶ ನನ್ನ ಮುಖ ನೋಡಿ, "ಎಲ್ಲಾ ಮುಗೀತಲ್ಲ, ಈಗ್ಯಾಕ ಅಳ್ತಿ?" ಎಂದ.

ನಾನು ಅವನ ಕಡೆ ತಿರುಗಿದೆ. ಹೆದರಿಕೆಯಲ್ಲೇ ಹೇಳಿದೆ:

"ಕೊಟ್ರೇಶಿ, ಅವತ್ತು ನೀ ಕೂಗಿದ್ದು ನನಗ ಕೇಳಿಸಿತ್ತು. ಇವ ನಮ್ಮವ ಅಲ್ಲ ಅಂತ ನಾನೇ ಬಾಯಿಬಿಟ್ಟು ಹೇಳಿದೆ. ಅವ್ವಗೂ ನಾನೇ ಹೇಳ್ತೀನಿ. ತಪ್ಪಾತೋ ತಮ್ಮಾ, ನನ್ನ ಕ್ಷಮಿಸು."