ಗೌರಮ್ಮಣ್ಣಿಯವರ ಹುರಿಹಿಟ್ಟು

ಕಳೆದ ವರ್ಷ ಶಿವರಾತ್ರಿಯ ಮಾರನೆಯ ದಿನ, ಸರಗೂರಿನ ಗೌರಮ್ಮಣ್ಣಿ ತಾವು ಅಂಗಡಿಗಳಿಗೆ ಹಾಕಿದ್ದ ರಾಗಿ ಹುರಿಹಿಟ್ಟಿನ ಪೊಟ್ಟಣಗಳನ್ನು ವಾಪಸು ತರಲು ಹೊರಟರು. ಎಚ್.ಡಿ. ಕೋಟೆ, ಹಂಪಾಪುರ, ಹುಣಸೂರು, ಎಲ್ಲ ಕಡೆಗೂ ಬಸ್ಸಿನಲ್ಲೇ ಹೋದರು. ಯಾರೂ ದೂರು ಕೊಟ್ಟಿರಲಿಲ್ಲ.

ಆ ಹಿಟ್ಟು ಹುಣಸೂರಿನ ನಮ್ಮ ಮನೆಗೆ ಬಂದದ್ದು ಮಗಳು ಸಿಂಚನಳಿಗಾಗಿ. ಚಿಕ್ಕವಳಿದ್ದಾಗ ಮದುವೆಮನೆಯೊಂದರಲ್ಲಿ ಕಡಲೆಬೀಜದ ಚಿಕ್ಕಿ ತಿಂದಳು. ತುಟಿ ಊದಿತು, ಉಸಿರು ಕಟ್ಟಿತು. ಆಸ್ಪತ್ರೆ ಹತ್ತಿರವಿದ್ದುದರಿಂದ ಉಳಿದಳು. ಇನ್ನು ಕಡಲೆಬೀಜದ ಚೂರೂ ಬಾಯಿಗೆ ಹೋಗಬಾರದು ಎಂದರು ವೈದ್ಯರು. ಅಂದಿನಿಂದ ಅಂಗಡಿಯ ತಿಂಡಿ ನಿಂತುಹೋಯಿತು.

ಪತ್ರಿಕೆಯ ವರದಿಗೆಂದು ನಾನು ಸರಗೂರಿಗೆ ಹೋಗಿದ್ದಾಗ ಬಸ್ ನಿಲ್ದಾಣದ ಅಂಗಡಿಯಲ್ಲಿ ಆ ಪೊಟ್ಟಣ ಕಂಡಿತು. ಹಿಟ್ಟಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ‘ಕಡಲೆಬೀಜ ಇಲ್ಲ’ ಎಂದು ಅಚ್ಚಾಗಿತ್ತು. ನಾನು ನಂಬಲಿಲ್ಲ. ವಿಳಾಸ ಹಿಡಿದು ಮನೆಗೇ ಹೋದೆ. ಹಣೆತುಂಬ ವಿಭೂತಿ, ಸೆರಗಿನ ತುದಿಯಲ್ಲಿ ಹಿಟ್ಟಿನ ಧೂಳು, ಬಾಗಿಲು ತೆರೆದವರು ನಾನು ಮಾತಾಡುವ ಮೊದಲೇ ಕೇಳಿದರು: “ಯಾರ್ಗಪ್ಪ ಆಗಕಿಲ್ಲ? ನಿಂಗಾ, ಮಗೀಗಾ?” ಅವರ ಮೊಮ್ಮಗನಿಗೂ ಅದೇ ತೊಂದರೆಯಿತ್ತು. ಹುರಿಹಿಟ್ಟಿನ ಕೆಲಸ ಶುರುವಾದದ್ದೇ ಅವನಿಗಾಗಿ.

ರಾಗಿ ಅರಳು ಹುರಿಸುತ್ತಿದ್ದುದು ಬಷೀರ್ ಸಾಬರ ಭಟ್ಟಿಯಲ್ಲಿ. ಅಲ್ಲಿ ರಾಗಿ ಹುರಿಯುವ ಮರಳಿನಲ್ಲೇ ಊರವರ ಕಡಲೆಬೀಜವೂ ಹುರಿಯುತ್ತದೆ. ಹಾಗಾಗಿ ಗೌರಮ್ಮಣ್ಣಿ ತಮ್ಮದೇ ಬಾಣಲೆ, ಮರಳು, ಜರಡಿ ಹೊತ್ತುಕೊಂಡು, ಬೇರೆಯವರು ಬರುವ ಮೊದಲೇ ಹೋಗುತ್ತಿದ್ದರು.

“ಮರಳ್ನೂ ಮಡಿ ಮಾಡ್ಬುಟ್ಯಾ ಅಕ್ಕಾ?” ಎಂದು ಸಾಬರು ರೇಗಿಸುತ್ತಿದ್ದರು.

“ಮಡಿ ಅಲ್ಲ ಕಣ್ ಸಾಬ್ರೇ. ತಪ್ಪಾದ್ರೆ ದೇವ್ರು ಮಾಫ್ ಮಾಡ್ತಾನೆ, ಮಗೀನ್ ಗಂಟ್ಲು ಮಾಡಕಿಲ್ಲ.”

ಒಮ್ಮೆ ಒಳ್ಳೆಯ ಏಲಕ್ಕಿ ಸಿಗದೆ ಹಿಟ್ಟಿಗೆ ಒಣಶುಂಠಿ ಹಾಕಿದರು. ಕವರುಗಳ ಮೇಲೆ ಏಲಕ್ಕಿ ಎಂದೇ ಅಚ್ಚಾಗಿತ್ತು. ಸೊಸೆ ಮಂಗಳ, “ಶುಂಠಿ ತಿಂದು ಯಾರ್ ಸತ್ತವ್ರೆ ಅತ್ತೆ, ಕಳ್ಸಿ ಅತ್ಲಾಗೆ,” ಎಂದರೆ ಕೇಳಲಿಲ್ಲ. ಪ್ರತಿ ಪೊಟ್ಟಣಕ್ಕೂ ಚೀಟಿ ಅಂಟಿಸುವವರೆಗೆ ಒಂದನ್ನೂ ಹೊರಗೆ ಬಿಡಲಿಲ್ಲ. “ಯಾರ್ಗೆ ಏನಾಗಕಿಲ್ಲ ಅಂತ ನಮ್ಗೇನ್ ಗೊತ್ತು? ಒಳಗಿರದ್ನ ವರ್ಗಡೆ ಬರೀಬೇಕು, ಅಷ್ಟೇಯ.”

ಶಿವರಾತ್ರಿಗೆ ಮೊದಲಿನ ವಾರ ಸಾಬರು ನೆಂಟರ ಮನೆಗೆಂದು ಕೆ.ಆರ್. ನಗರಕ್ಕೆ ಹೋಗಿದ್ದರು. ಭಟ್ಟಿಯಲ್ಲಿದ್ದವನು ಅವರ ಹೊಸ ಅಳಿಯ. ಭಟ್ಟಿಗೆ ಬಂದ ಯಾರನ್ನೂ ಒಂದು ಹಿಡಿ ಕಡಲೆಬೀಜವನ್ನು ಕೊಸರಾಗಿ ಹಾಕದೆ ಕಳಿಸುವ ರೂಢಿ ಆ ಮನೆಯಲ್ಲಿಲ್ಲ. ಗೌರಮ್ಮಣ್ಣಿಗೆ ಮಾತ್ರ ಕೊಸರು ಬೇಡವೆಂಬುದು ಅಳಿಯನಿಗೆ ತಿಳಿಯದು. ಅವರು ಬಾಣಲೆ ತೊಳೆಯಲು ಆಚೆ ಹೋಗಿದ್ದಾಗ, ಮಾವನ ಹಳೆಯ ಗಿರಾಕಿಯೆಂದು, ಬಿಸಿ ಕಡಲೆಬೀಜ ಒಂದು ಹಿಡಿ ಹೆಚ್ಚಾಗಿಯೇ ಮೂಟೆಗೆ ಸುರಿದ. ಅದು ಅರಳಿನೊಳಗೆ ಮುಳುಗಿ, ಅದರ ಜೊತೆಗೇ ಹಿಟ್ಟಾಯಿತು.

ಹಬ್ಬದ ಮಾರನೆಯ ಬೆಳಿಗ್ಗೆ ಉಳಿದ ಹಿಟ್ಟನ್ನು ಜರಡಿ ಹಿಡಿಯುವಾಗ ಒಂದು ಕೆಂಪು ಸಿಪ್ಪೆ ಸಿಕ್ಕಿತು. ಮೊದಲು ಫೋನ್ ಮಾಡಿದ್ದು ನಮ್ಮ ಮನೆಗೆ.

“ಮಗಾ ತಿಂದ್ಲಾ?”

“ಇನ್ನೂ ಇಲ್ಲಮ್ಮ. ಪೊಟ್ಟಣ ಒಡೆದಿಲ್ಲ.”

 ಆ ಕಡೆ ಮೂಗು ಏರಿಸಿದ ಸದ್ದು ಕೇಳಿತು. ಆಮೇಲೆ ಸಿಪ್ಪೆಯ ವಿಷಯ ಹೇಳಿದರು. ನಾನೇ ಬಿಸಾಡುತ್ತೇನೆ ಎಂದೆ. “ಬ್ಯಾಡ ಕಣಪ್ಪ. ನೀನ್ ಬಿಸಾಕ್ತೀಯೆ, ಯಾರ್ದೋ ಕೂಸು ಎತ್ಕತದೆ,” ಎಂದು ಸಂಜೆಯ ಬಸ್ಸಿಗೆ ಬಂದು ತೆಗೆದುಕೊಂಡು ಹೋದರು. ಸಿಂಚನಳ ಗಲ್ಲ ಸವರಿದರು, ಕಾಫಿಗೂ ನಿಲ್ಲಲಿಲ್ಲ.

ಊರಿಗೆ ಮರಳಿದ ಸಾಬರು ಅಳಿಯನನ್ನು ಕರೆದುಕೊಂಡು ಗೌರಮ್ಮಣ್ಣಿಯವರ ಮನೆಗೆ ಹೋದರು. “ವುಡ್ಗ ಪ್ರೀತಿಗ್ ಹಾಕವ್ನೆ ಕಣಕ್ಕ, ಬೈಬ್ಯಾಡ.”

“ಪ್ರೀತಿನ ಪೊಟ್ನದ್ ಮ್ಯಾಲೆ ಎಂಗ್ ಬರೀಲಿ ಸಾಬ್ರೇ?” ಎಂದರಂತೆ. ಆಮೇಲೆ ಇಬ್ಬರನ್ನೂ ಕೂರಿಸಿ ಊಟಕ್ಕೆ ಬಡಿಸಿದರು. ಮುಂದಿನ ಸಲ ಅವರು ಭಟ್ಟಿಗೆ ಹೋದಾಗ ಅಳಿಯ ತನ್ನ ಮನೆಯ ರಾಗಿಯನ್ನೇ ನೆನೆಸಿಟ್ಟಿದ್ದ. ಅವರ ಮರಳಿನಲ್ಲೇ ಅದನ್ನು ಹುರಿದು, ಅವರ ಕಣ್ಣೆದುರೇ ಒಂದು ಹಿಡಿ ಅರಳನ್ನು ಮೂಟೆಗೆ ಹಾಕಿದ. ಅಂದಿನಿಂದ ಅರಳಿನ ಕೊಸರೇ ನಡೆದುಬಂತು.

ಈ ವರ್ಷ ಗೌರಮ್ಮಣ್ಣಿ ತೀರಿಕೊಂಡರು. ತಿಥಿ ಕಳೆದ ಮೇಲೆ ಮಂಗಳ ಕಳಿಸಿದ ಪೊಟ್ಟಣದ ಮೇಲೆ ಒಂದು ಹೊಸ ಚೀಟಿ ಇತ್ತು: ‘ಮಾಡುವವರು ಬದಲಾಗಿದ್ದಾರೆ. ಕಡಲೆಬೀಜ ಇಲ್ಲ.’

ನಾನು ಫೋನ್ ಮಾಡಿದೆ. “ಕಾಯ್ಲೆ ಬಿದ್ ಮಲಗಿದ್ದಾಗ್ಲೇ ಅತ್ತೆ ಯೋಳಿದ್ರು ಕಣಣ್ಣ, ನಾನ್ ವೋದ್ಮೇಲೆ ಇಂಗಂತ ಅಂಟ್ಸು, ಗೊತ್ತಿಲ್ದೆ ಯಾರೂ ತಿನ್ಬಾರ್ದು ಅಂತ,” ಎಂದಳು ಮಂಗಳ.

“ಮರಳು?”

“ಅತ್ತೇದೇ. ನಾನೇ ವೊತ್ಕ ವೋಯ್ತೀನಿ.”

ಸಿಂಚನ ಚೀಟಿಯನ್ನು ಗಟ್ಟಿಯಾಗಿ ಓದಿದಳು. ನಂತರ ಬಟ್ಟಲು ತಂದಳು.