ಗುರುಬಸವ್ವನ ಎಡ ಅಂಗೈ

“ಯಾರ ಮನ್ಯಾಗೂ ಪ್ರಾರ್ಥನಿ ಮಾಡಬ್ಯಾಡ್ರಿ. ಅವರಾಗೇ ಕೇಳಿದ್ರೂ ಬ್ಯಾಡ. ಬೈಬಲ್ ಇಲ್ಲೇ ಇಟ್ಟು ಹೋಗ್ರಿ.”

ಬೆಳಗಾವಿಯ ನನ್ನ ಮೊದಲ ಬೆಳಿಗ್ಗೆ ಕಿವಿಗೆ ಬಿದ್ದ ಮಾತು ಇದು. ಹೇಳಿದವರು ಸುನಂದಕ್ಕ. ನಿವೃತ್ತ ನರ್ಸ್, ನಮ್ಮ ಕ್ರೈಸ್ತ ಯುವಜನರ ಫೆಲೋಶಿಪ್ ಮನೆಯನ್ನು ನಡೆಸುವವರು. ಉಡುಪಿ ಕಡೆಯ ನಮ್ಮೂರಿನ ಚರ್ಚಿನ ಸಭೆಯವರು ನನ್ನನ್ನು ಮುಂದೆ ಕರೆದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಒಂದು ವರ್ಷದ ಸೇವೆಗೆ ಕಳಿಸಿಕೊಟ್ಟಿದ್ದರು. ಬಸ್ಸಿಳಿದು ಇನ್ನೂ ಮುಖ ತೊಳೆದಿರಲಿಲ್ಲ, ಪ್ರಾರ್ಥನೆ ಬೇಡ ಎನ್ನುತ್ತಿದ್ದಾರೆ. ನಾನು ತಪ್ಪು ಮನೆಗೆ ಬಂದೆನೇನೋ ಅನ್ನಿಸಿತು.

“ಕಾಯಿಲಿ ಬಿದ್ದವರ ಮನಿಗೆ ಹೋಗ್ತೀರಿ,” ಎಂದರು ಸುನಂದಕ್ಕ. “ಅವರು ಸೋತಿರ್ತಾರ. ಸೋತವರ ಮುಂದ ನಮ್ಮ ದೇವರನ್ನ ಇಡೂದು ಛಲೋ ಅಲ್ಲ. ಮಂದಿನೂ ತಪ್ಪು ತಿಳೀತಾರ.”

ಮನೆ ಇರುವುದು ಹಿಂದವಾಡಿಯಲ್ಲಿ, ಮೇಲಿನ ಮಹಡಿ. ನನ್ನ ಕೋಣೆಯ ಜೊತೆಗಾತಿ ಗದಗಿನ ಮಾರ್ಥಾ. ಅಡುಗೆ ಸರದಿಯ ಪ್ರಕಾರ. ಅವಳು ತಟ್ಟಿದ ರೊಟ್ಟಿ ಹುಣ್ಣಿಮೆಯ ಚಂದ್ರ. ನಾನು ತಟ್ಟಿದ್ದು ಹೆಂಚಿಗೆ ಹೋಗುವ ಮೊದಲೇ ಮೂರು ಪಾಲು. ಕುಚ್ಚಲಕ್ಕಿ ಗಂಜಿಯಿಲ್ಲದೆ ಹೊಟ್ಟೆ ತುಂಬಿದ್ದೇ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಒಟ್ಟಿಗೆ ಕೂತು ಹಾಡುತ್ತೇವೆ, ಕಿಟಕಿ ಮುಚ್ಚಿಕೊಂಡು. ಕೆಳಗಿನ ಮನೆಯ ಮಾಲಕಿಗೆ ನಮ್ಮ ಮೇಲೆ ಕೋಪವಿಲ್ಲ. ಆದರೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, “ಭಾಳ ಮಂದಿ ಬರೂದಿಲ್ಲಲ್ರಿ?” ಎಂದು ಕೇಳುತ್ತಾರೆ. ನಮ್ಮೂರಲ್ಲಿ ಇಗರ್ಜಿಯ ಗಂಟೆ ಕೇಳಿ ಬೀದಿಯವರೆಲ್ಲ ಹೊತ್ತು ತಿಳಿಯುತ್ತಿದ್ದರು. ಹಾಡುವಾಗ ದನಿ ತಗ್ಗಿಸಬೇಕಾಗಬಹುದೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಸಂಜೆ ಎಲ್ಲರೂ ಸುತ್ತ ಕೂತು, ಆ ದಿನ ಮನಸ್ಸಿಗೆ ತಟ್ಟಿದ್ದನ್ನು ಹೇಳಬೇಕು. ಇದಕ್ಕೆ ‘ಹಂಚಿಕೆ’ ಎಂದು ಹೆಸರು. ಮೊದಲ ತಿಂಗಳುಗಳಲ್ಲಿ ನಾನು ಹಂಚಿಕೊಂಡದ್ದು ಬಸ್ಸಿನ ನೂಕುನುಗ್ಗಲು, ಮಳೆ, ಒಣಗದ ಬಟ್ಟೆ. ನಿಜವಾಗಿ ಇದ್ದದ್ದು ಹೆದರಿಕೆ. ಅದನ್ನು ಹೇಳಲಿಲ್ಲ.

ನನ್ನ ಪಾಲಿಗೆ ಬಂದ ಮನೆ ಖಾನಾಪುರದ್ದು. ಮನೆಯವರ ಹೆಸರುಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಗುರುಬಸವ್ವ ಲಿಂಗಾಯತರ ಹಿರಿಯ ಹೆಂಗಸು. ಲಕ್ವ ಹೊಡೆದು ಎಡಗೈ ಎಡಗಾಲು ಸೋತಿದ್ದವು. ಆಸ್ಪತ್ರೆಯವರು ಹೇಳಿಕೊಟ್ಟ ವ್ಯಾಯಾಮವನ್ನು ಮಾಡಿಸುವುದು ನನ್ನ ಕೆಲಸ. ಮಗ ಶಿವಾನಂದ ಸ್ಟೇಶನ್ ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದಾರೆ. ಮೊದಲ ದಿನ ಅವರು ನನ್ನ ಚೀಲದ ಕಡೆ ನೋಡಿ, “ಬಾಯಾರ, ನೀವು ವ್ಯಾಯಾಮ ಅಷ್ಟ ಮಾಡಸ್ತೀರಿ ಹೌದಿಲ್ರಿ?” ಎಂದರು. ‘ಬಾಯಾರು’ ಎಂದರೆ ಇಲ್ಲಿ ಟೀಚರಿಗೆ ಹೇಳುವ ಮರ್ಯಾದೆಯ ಮಾತು. ಆ ಮರ್ಯಾದೆಯೊಳಗೆ ಒಂದು ಎಚ್ಚರಿಕೆಯೂ ಇತ್ತು. ಹೌದು ಎಂದೆ. ಅಂದಿನಿಂದ ಬಸ್ಸು ಖಾನಾಪುರದ ನಿಲ್ದಾಣಕ್ಕೆ ತಿರುಗುವಾಗಲೆಲ್ಲ ಚೀಲ ತೆರೆದು, ಬೈಬಲ್ ಒಳಗಿಲ್ಲವೆಂದು ಮತ್ತೊಮ್ಮೆ ನೋಡಿಕೊಳ್ಳುತ್ತಿದ್ದೆ.

ಗುರುಬಸವ್ವನಿಗೆ ನನ್ನ ಹೆದರಿಕೆ ಗೊತ್ತಾಗಲಿಲ್ಲ, ಅಥವಾ ಗೊತ್ತಾದರೂ ಲೆಕ್ಕಿಸಲಿಲ್ಲ. ನನ್ನ ಕರಾವಳಿಯ ಕನ್ನಡ ಕೇಳಿ ನಗುತ್ತಿದ್ದರು. “ಪುಸ್ತಕ ಓದಿದಂಗ ಮಾತಾಡ್ತಿ ನೋಡು. ‘ಬೆರಳುಗಳನ್ನು ಬಿಡಿಸಿ’ ಅಂತ. ಬಳ್ಳ ಬಿಡಸು ಅನ್ನಬೇ.” ಬಾಜು ಮನೆಯವರು ಬಂದರೆ ಮಾತು ಮರಾಠಿಗೆ ಹೊರಳುತ್ತಿತ್ತು, ನಾನು ಸುಮ್ಮನೆ ಕೈಯನ್ನು ಮಡಿಸಿ ಬಿಡಿಸಿ ಮಾಡಿಸುತ್ತಿದ್ದೆ. ಮುಷ್ಟಿ ಸಡಿಲವಾಯಿತು. ಆದರೆ ಅಂಗೈ ಮೇಲೆ ಮಾಡಿ ನೆಟ್ಟಗೆ ಹಿಡಿದರೆ ನಡುಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಅದೊಂದೇ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಬೇಕು. ದಿನಾ ಬೆಳಿಗ್ಗೆ ಸೊಸೆ ಕೆಳಗಿನಿಂದ ಕೈ ಹಿಡಿದುಕೊಳ್ಳುತ್ತಿದ್ದಳು. ಮಗ ಹಿಡಿದರೆ ಬಿಗಿಯಾಗಿ ನೋಯುತ್ತದೆ ಎನ್ನುತ್ತಿದ್ದರು.

ಮಳೆ ಮುಗಿಯುತ್ತ ಬಂದ ಒಂದು ದಿನ ನಾನು ಹೋದಾಗ ಸೊಸೆ ಇರಲಿಲ್ಲ. ಜಾಂಬೋಟಿ ಕಡೆಯ ತವರಿನಲ್ಲಿ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದರಂತೆ, ನಸುಕಿನಲ್ಲೇ ಹೋಗಿದ್ದಳು. ಮಗ ಅಂಗಡಿಗೆ ಹೋಗಿಯಾಗಿತ್ತು. ಗುರುಬಸವ್ವ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಚಾಪೆಯ ಮೇಲೆ ಕೂತಿದ್ದರು. ಒಂದು ಹನಿ ನೀರೂ ಕುಡಿದಿರಲಿಲ್ಲ.

“ತಂಗಿ, ಕೈಕಾಲು ತೊಳಕೊಂಡು ಬಾ,” ಎಂದರು. “ಇಲ್ಲಿ ಕುಂದ್ರು. ಮಣಿಕಟ್ಟಿನ ಕೆಳಗ ಹಿಡಿ.”

ನಾನು ನಿಂತೇ ಇದ್ದೆ. ನಮ್ಮ ಪ್ರಾರ್ಥನೆಯ ಬಗ್ಗೆ ಸುನಂದಕ್ಕ ನಿಯಮ ಹೇಳಿದ್ದರು. ಅವರ ಪೂಜೆಯ ಬಗ್ಗೆ ಏನೂ ಹೇಳಿರಲಿಲ್ಲ. ಪಪ್ಪ ನಮ್ಮ ಸಭೆಯ ಹಿರಿಯರು. ಭಾನುವಾರದ ಶಾಲೆಯಲ್ಲಿ ನನಗೆ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಿದವರು ಅವರೇ. ವಿಗ್ರಹಕ್ಕೆ ಅಡ್ಡಬೀಳಬೇಡ ಎನ್ನುವ ಎರಡನೆಯ ಆಜ್ಞೆ ಅವರ ದನಿಯಲ್ಲೇ ಕೇಳಿಸಿತು.

“ಅಜ್ಜಿ, ನಾನು ಕ್ರೈಸ್ತಳು,” ಎಂದೆ.

“ಗೊತ್ತೈತಿ. ಲಿಂಗ ನಂದು, ಪೂಜಿ ನಂದು. ನೀ ಬರೇ ಕೈ ಹಿಡಿಯಾಕಿ.” ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, “ಜಾರಿ ಬಿತ್ತಂದ್ರ ನಾ ತಡಕೊಳ್ಳಾಂಗಿಲ್ಲ ತಂಗಿ,” ಎಂದರು. ಆ ದನಿಯಲ್ಲಿದ್ದ ಹೆದರಿಕೆ ನನ್ನದಕ್ಕಿಂತ ದೊಡ್ಡದಿತ್ತು.

ಕೈಕಾಲು ತೊಳೆದು ಬಂದು ಕೂತೆ. ಮಣಿಕಟ್ಟನ್ನು ಎರಡೂ ಕೈಯಿಂದ ಆನಿಸಿ ಹಿಡಿದೆ. ಅವರು ಬಲಗೈಯಿಂದ ಕರಡಿಗೆ ಬಿಚ್ಚಿ, ಬಟ್ಟೆ ಸರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು. ನಾನು ಲಿಂಗವನ್ನು ನೋಡಲಿಲ್ಲ. ಅವರ ಮಣಿಕಟ್ಟನ್ನೇ ನೋಡುತ್ತಿದ್ದೆ. ಅಲ್ಲಿ ನಾಡಿ ಹಾರುತ್ತಿತ್ತು. ಕೈ ನಡುಗಿದಾಗ ನನ್ನ ಬೆರಳು ಬಿಗಿಯಾಗುತ್ತಿತ್ತು. ಅವರು ಎವೆಯಿಕ್ಕದೆ ಲಿಂಗವನ್ನೇ ನೋಡುತ್ತ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು.

ಆಗ ಬಾಗಿಲಲ್ಲಿ ಬೈಕು ನಿಂತಿತು. ಮನೆಯಲ್ಲಿ ಅಡುಗೆಗೆ ಯಾರೂ ಇಲ್ಲವೆಂದು ಶಿವಾನಂದ ನಾಷ್ಟಾ ಕಟ್ಟಿಸಿಕೊಂಡು ಬಂದಿದ್ದರು. ಹೊಸ್ತಿಲಲ್ಲೇ ನಿಂತುಬಿಟ್ಟರು. ನನಗೆ ಏಳುವ ಹಾಗಿಲ್ಲ, ಬಿಡುವ ಹಾಗಿಲ್ಲ. ಇನ್ನು ಮುಗಿಯಿತು, ನನ್ನಿಂದ ಸುನಂದಕ್ಕನ ಮನೆಗೂ ಕೆಟ್ಟ ಹೆಸರು ಎಂದುಕೊಂಡೆ. ಶಿವಾನಂದ ಚಪ್ಪಲಿ ಬಿಟ್ಟು, ಶಬ್ದ ಮಾಡದೆ ಗೋಡೆಗೆ ಒರಗಿ ಕೂತರು. ಪೂಜೆ ಮುಗಿಯುವವರೆಗೂ ನಾಷ್ಟಾದ ಪೊಟ್ಟಣ ಅವರ ತೊಡೆಯ ಮೇಲೇ ಇತ್ತು.

ನಾನು ಹೊರಟಾಗ ಅವರು ಅಂಗಳದವರೆಗೆ ಬಂದರು.

“ನಮ್ಮವ್ವ ಹಿಡಿ ಅಂದ್ಲೇನ್ರಿ?”

“ಹೌದು.”

“ಖರೇ ಹೇಳ್ರಿ, ನಿಮ್ಮ ಮನ್ಯಾಗ ಬಯ್ಯೂದಿಲ್ಲೇನ್ರಿ?”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. “ಗೊತ್ತಿಲ್ಲ,” ಎಂದೆ.

“ನಮ್ಮ ಮಂದಿನೂ ಕೇಳ್ತಾರ್ರಿ. ಕ್ರಿಶ್ಚನ್ ಹುಡುಗಿ ಯಾಕ ಬರ್ತಾಳ ಅಂತ. ನಾ ಯಾರ ಮುಂದೂ ಹೇಳಾಂಗಿಲ್ಲ, ನೀವೂ ಹೇಳಬ್ಯಾಡ್ರಿ.” ಆಮೇಲೆ ಮುಖ ಆಚೆ ತಿರುಗಿಸಿ, “ನಾಳೆನೂ ಆಕಿ ಬರೂದಿಲ್ರಿ, ನನ್ನ ಹೇಣ್ತಿ,” ಎಂದರು.

ಶಿವಾನಂದ ಬೇಡವೆಂದಿದ್ದರೂ ಆ ಸಂಜೆ ಹಂಚಿಕೆಯಲ್ಲಿ ಹೇಳಿಬಿಟ್ಟೆ. ಹೆದರಿಕೆಯನ್ನೂ ಸೇರಿಸಿ, ಎಲ್ಲವನ್ನೂ. ಮಾರ್ಥಾ ನೆಲ ನೋಡುತ್ತ, “ನಾ ಆಗಿದ್ರ ಹಿಡೀತಿರ್ಲಿಲ್ಲ ರೀನಾ,” ಎಂದಳು. ಅವಳದು ಜಗಳವಲ್ಲ, ನಂಬಿಕೆ. ಸುನಂದಕ್ಕ ತೀರ್ಪು ಕೊಡುತ್ತಾರೆಂದು ಕಾದೆ. ಅವರು, “ನಾಳೆ ಹೋಗೂದು ಬಿಡೂದು ನೀನ ನೋಡು. ಹೋಗೂದಾದ್ರ ಮೊದಲನೇ ಬಸ್ಸಿಗೆ ಹೋಗು, ಮುದುಕಿ ಉಪವಾಸ ಇರ್ತಾಳ,” ಎಂದಷ್ಟೇ ಹೇಳಿದರು.

ಹೋದೆ. ಸೊಸೆ ಬರುವವರೆಗೂ ಹೋದೆ. ಬೆಳಕು ಹರಿಯುವಾಗ ಮಲಪ್ರಭಾ ದಾಟುವ ಬಸ್ಸಿನಲ್ಲಿ ಪ್ರತಿ ಸಲವೂ ಅದೇ ಪ್ರಶ್ನೆ, ನಾನು ಮಾಡುತ್ತಿರುವುದು ಸೇವೆಯೋ ಪಾಪವೋ ಎಂದು. ಉತ್ತರ ಸಿಗದೆಯೇ ಇಳಿಯುತ್ತಿದ್ದೆ. ನವೆಂಬರಿನಲ್ಲಿ ಗುರುಬಸವ್ವ ಯಾರ ಆಸರೆಯೂ ಇಲ್ಲದೆ ಅಂಗೈ ಹಿಡಿದರು. ಅಂದು ನನ್ನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ, ಪೂಜೆ ಮುಗಿದ ಮೇಲೆ ಒಳಗೆ ಕರೆದು ಚಹಾ ಕೊಟ್ಟರು. ಸಂತೋಷವಾಯಿತು. ಕೈ ಖಾಲಿಯಾದ ಹಾಗೂ ಆಯಿತು.

ಕ್ರಿಸ್ಮಸ್ಸಿಗೆ ಊರಿಗೆ ಹೋದೆ. ನಮ್ಮ ಮನೆಯಲ್ಲಿ ಮಾತು ತುಳು, ಪ್ರಾರ್ಥನೆ ಕನ್ನಡ. ಊಟದ ಮೊದಲು ಪಪ್ಪ ನನ್ನನ್ನೇ ಪ್ರಾರ್ಥಿಸಲು ಹೇಳಿದರು. ಕಣ್ಣು ಮುಚ್ಚಿ ಶುರು ಮಾಡಿದವಳ ಬಾಯಲ್ಲಿ ತಾನಾಗಿ ಬಂತು: “ಅಜ್ಜಿನ ಆರಾಮ ಇಡಪ್ಪಾ, ಆಕಿ ಕೈ ನಡುಗದಂಗ ಮಾಡು.” ಬೆಳಗಾವಿಯಲ್ಲಿ ‘ಆರಾಮ’ ಎಂದರೆ ಆರೋಗ್ಯ. ಕಣ್ಣು ಬಿಟ್ಟಾಗ ಪಪ್ಪ ನನ್ನನ್ನೇ ನೋಡುತ್ತಿದ್ದರು.

“ಯಾವ ಅಜ್ಜಿ?”

ಹೇಳಿದೆ. ಅಮ್ಮ ಮೀನಿನ ಸಾರಿಗೆ ಮುಚ್ಚಳ ಹಾಕಿ ಕೂತಳು. ನಾನು ಹೇಳಿ ಮುಗಿಸಿದ ಮೇಲೆ ಪಪ್ಪ ಅನ್ನವನ್ನು ಬೆರಳಲ್ಲಿ ಸುಮ್ಮನೆ ಕೆದಕುತ್ತಿದ್ದರು. ಬೈಗುಳಕ್ಕೆ ನಾನು ತಯಾರಾಗಿದ್ದೆ.

“ಜಾರಲಿಲ್ಲ ತಾನೇ?” ಎಂದು ಕೇಳಿದರು.

“ಇಲ್ಲ ಪಪ್ಪ.”

“ಹ್ಞಾಂ,” ಎಂದು ಊಟ ಶುರು ಮಾಡಿದರು. ಅಮ್ಮ ಮಾತ್ರ ಬಡಿಸುತ್ತ, “ಇದನ್ನೆಲ್ಲ ಸಭೆಯಲ್ಲಿ ಹೇಳಬೇಡ,” ಎಂದಳು. ಭಾನುವಾರ ಸಭೆಯವರು ನನ್ನನ್ನು ಮುಂದೆ ಕರೆದು ಸೇವೆಯ ಅನುಭವ ಕೇಳಿದಾಗ, ರೊಟ್ಟಿ ಹರಿದ ಕಥೆ ಹೇಳಿ ನಗಿಸಿ ಬಂದು ಕೂತೆ.

ಈಗ ಹಿಂದವಾಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬರೆಯುವ ಮೊದಲು ಶಿವಾನಂದರನ್ನೂ ಅಮ್ಮನನ್ನೂ ಕೇಳಿದೆ. ಹೆಸರು ಹಾಕದಿದ್ದರೆ ಆಯಿತು ಎಂದರು ಶಿವಾನಂದ. ಅಮ್ಮ ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಯಾವಾಗ ಮನೆಗೆ ಬರುತ್ತಿ ಎಂದು ಕೇಳಿದಳು. ಬೇಸಿಗೆಗೆ ವರ್ಷ ಮುಗಿಯುತ್ತದೆ, ಮನೆಗೆ ಬಂದುಬಿಡುತ್ತೇನೆ ಎಂದೆ. ಫೋನಿಟ್ಟ ಮೇಲೆ, ನನ್ನ ತುಳು ಅಷ್ಟಿಷ್ಟು ತಿಳಿಯತೊಡಗಿದ್ದ ಮಾರ್ಥಾ ಪಕ್ಕದ ಮಂಚದಿಂದ, “ಮನಿಗೆ ಬರ್ತೀನಿ ಅಂದಿ. ಖಾನಾಪುರಕ್ಕ ಹೊಂಟಾಗನೂ ‘ಮನಿಗೆ ಹೋಗಿ ಬರ್ತೀನಿ’ ಅಂತೀ ನೋಡು,” ಎಂದಳು.